ರೋಮಿಂಗ್ ಎಂದರೆ ಸುಂಕವಲ್ಲ

‘ಮಾವ, ನಾನು ರೋಮಿಂಗಿನಲ್ಲಿದ್ದೇನೆ, ಕರೆ ಮಾಡಬೇಡಿ.’ ಶಾರ್ಜಾಕ್ಕೆ ಹೋಗಿ ಮೂರು ವಾರವಾದ ಸೋದರಳಿಯ ಕಳುಹಿಸಿದ ಧ್ವನಿ ಸಂದೇಶ ಇದು. ಸಂದೇಶ ಬಂದ ಸಂಖ್ಯೆ ಶುರುವಾಗುವುದು 971ರಿಂದ. ಅಂದರೆ ಅಲ್ಲಿಗೆ ಇಳಿದು, ಪಾಸ್‌ಪೋರ್ಟ್ ತೋರಿಸಿ ಕೊಂಡ ಅಲ್ಲಿಯದೇ ಪ್ರೀಪೇಯ್ಡ್ ಸಿಮ್. ಆ ಸಿಮ್ಮಿನಿಂದ ಮಾತಾಡುತ್ತ ಆ ಊರಿನಲ್ಲಿರುವ ಹುಡುಗ ರೋಮಿಂಗಿನಲ್ಲಿರಲು ಸಾಧ್ಯವೇ ಇಲ್ಲ. ಅದೇ ವಾರ ಪೇಟೆಯ ಅಂಗಡಿಯೊಂದರ ಮುಂದೆ ‘ರೋಮಿಂಗ್ ಇಲ್ಲದ ಇಂಟರ್‌ನ್ಯಾಷನಲ್ ಸಿಮ್’ ಎಂಬ ಫಲಕ ಕಂಡೆ. ಅದು ಇದಕ್ಕಿಂತಲೂ ತಲೆಕೆಳಗು. ರೋಮಿಂಗ್ ಅಲ್ಲದ್ದನ್ನು ರೋಮಿಂಗ್ ಎಂದೂ, ರೋಮಿಂಗ್ ಬಿಟ್ಟು ಬೇರೇನೂ ಅಲ್ಲದ್ದನ್ನು ರೋಮಿಂಗ್ ಇಲ್ಲದ್ದೆಂದೂ ಕರೆಯುವವರ ನಡುವೆ ಇಷ್ಟು ದಿನ ಸುಮ್ಮನಿದ್ದೆ.

ನಮ್ಮವರು ತಪ್ಪುವುದಕ್ಕೆ ಕಾರಣವೂ ಇದೆ, ಆ ಕಾರಣ ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿದೆ. ಮೊಬೈಲಿನ ಲೆಕ್ಕದಲ್ಲಿ ನಮ್ಮ ಮಂಜೇಶ್ವರ ಕೇರಳದ ಟೆಲಿಕಾಂ ವೃತ್ತ. ಕಾಲೇಜು, ಆಸ್ಪತ್ರೆ, ಕೆಲಸ ಎಲ್ಲವೂ ಮಂಗಳೂರಿನಲ್ಲಿ. ಹೀಗಾಗಿ ಕಿಸೆಯಲ್ಲಿ ಕರ್ನಾಟಕದ ಸಿಮ್, ಮನೆಯ ಹತ್ತಿರ ಕೇರಳದ ಟವರ್. ಸ್ವಂತ ಮನೆಯ ಜಗಲಿಯಲ್ಲಿ ಕುಳಿತು ಕರೆ ಎತ್ತಿದರೂ ದುಡ್ಡು ಹೋಗುತ್ತಿದ್ದ ಕಾಲವಿತ್ತು. ತೋಟದ ಬಡಗು ಮೂಲೆಯಲ್ಲಿ ಕರ್ನಾಟಕದ ಸಿಗ್ನಲ್ ಸಿಗುತ್ತದೆಂದು ಫೋನ್ ರಿಂಗಾದೊಡನೆ ಅಡಕೆ ಮರಗಳ ನಡುವೆ ಓಡುತ್ತಿದ್ದವರಲ್ಲಿ ನಾನೂ ಒಬ್ಬ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ದೇಶದೊಳಗಿನ ರೋಮಿಂಗಿನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. 2016ರಲ್ಲಿ ಜಿಯೋ ಈ ಶುಲ್ಕವೇ ಇಲ್ಲದೆ ಬಂತು, ಮರುವರ್ಷ ಏರ್‌ಟೆಲ್ ಕೂಡ ಕೈಬಿಟ್ಟಿತು. ಶುಲ್ಕ ಹೋಯಿತು, ಶುಲ್ಕದ ಹೆಸರೆಂದು ನಾವು ಕಲಿತ ಪದ ಉಳಿಯಿತು. ಈಗಲೂ ಇಲ್ಲಿ ‘ರೋಮಿಂಗ್ ಬೀಳುತ್ತದೆ’ ಎನ್ನುತ್ತಾರೆ, ತಲಪಾಡಿಯ ಟೋಲ್ ಬಿದ್ದ ಹಾಗೆ.

ರೋಮಿಂಗ್ ಬೀಳುವ ವಸ್ತುವಲ್ಲ. ಅದು ಒಂದು ಇರುವಿಕೆ. ಇಂಗ್ಲಿಷಿನ ‘ರೋಮ್’ ಕ್ರಿಯಾಪದಕ್ಕೆ ಗೊತ್ತುಗುರಿಯಿಲ್ಲದೆ ಅಲೆಯುವುದು ಎಂದರ್ಥ. ಇದು ರೋಮ್ ನಗರದಿಂದ ಬಂದದ್ದು, ಹಿಂದೆ ಅಲ್ಲಿಗೆ ಯಾತ್ರೆ ಹೋಗುತ್ತಿದ್ದವರ ಅಲೆದಾಟವೇ ಈ ಪದವಾಯಿತು ಎಂಬ ಕತೆಯೊಂದು ಚಲಾವಣೆಯಲ್ಲಿದೆ. ಸ್ಪ್ಯಾನಿಷ್‌ನಲ್ಲಿ ‘ರೊಮೆರೊ’, ಇಟಾಲಿಯನ್‌ನಲ್ಲಿ ‘ರೊಮೆಒ’ ಎಂದರೆ ಯಾತ್ರಿಕ ಎಂಬ ಅರ್ಥ ಇರುವುದರಿಂದ ಕತೆ ನಂಬುವಂತೆಯೂ ಕೇಳುತ್ತದೆ. ನಿಘಂಟುಕಾರರು ಮಾತ್ರ ಒಪ್ಪುವುದಿಲ್ಲ. ಮಧ್ಯಕಾಲದ ಇಂಗ್ಲಿಷಿನಲ್ಲೇ ಇದ್ದ ಪದ, ಅದಕ್ಕೂ ಹಿಂದಿನ ಮೂಲ ಖಚಿತವಿಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಮೈಮೇಲಿನ ರೋಮಕ್ಕೂ ಇದಕ್ಕೂ ಕೂದಲೆಳೆಯಷ್ಟೂ ಸಂಬಂಧವಿಲ್ಲ. ಬಿಲ್ ನೋಡಿದಾಗ ಅದು ನಿಮಿರಿ ನಿಲ್ಲುವುದು ಬೇರೆ ವಿಚಾರ.

ಕನ್ನಡದಲ್ಲಿ ಇದಕ್ಕೆ ‘ಸಂಚಾರ’, ‘ಅಲೆದಾಟ’ ಎಂದೆಲ್ಲ ಬರೆಯುವವರಿದ್ದಾರೆ. ಕುಂಬಳೆ ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ, ಹೇಳಿ ಮಾಡಿಸಿದ ಪದ ನಮ್ಮ ಬಾಯಲ್ಲೇ ಇದೆ: ತಿರುಗಾಟ. ಯಕ್ಷಗಾನ ಮೇಳಗಳು ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟು, ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಡೆಸುವುದು ತಿರುಗಾಟವೇ. ಕಟೀಲು ಮೇಳ ತಲಪಾಡಿ ದಾಟಿ ಬಂದು ಮಂಜೇಶ್ವರದ ಗದ್ದೆಯಲ್ಲಿ ರಾತ್ರಿಯಿಡೀ ಆಟ ಆಡಿದರೂ ಅದು ಮಂಜೇಶ್ವರದ ಮೇಳವಾಗುವುದಿಲ್ಲ. ಗದ್ದೆ ಇಲ್ಲಿಯದು, ಮೇಳ ಕಟೀಲಿನದು, ವೀಳ್ಯದ, ಅಂದರೆ ಆಟಕ್ಕೆ ಕೊಡುವ ದುಡ್ಡಿನ, ಲೆಕ್ಕ ಕಟೀಲಿಗೆ ಹೋಗುತ್ತದೆ. ರೋಮಿಂಗ್ ಎಂದರೆ ಇಷ್ಟೇ. ನಿಮ್ಮ ಸಿಮ್ ಪರರ ಜಾಲದಲ್ಲಿ ಕುಣಿಯುತ್ತದೆ, ಲೆಕ್ಕ ತವರು ಕಂಪನಿಯಲ್ಲಿರುತ್ತದೆ. ದುಬೈಯಲ್ಲಿ ಫೋನ್ ಚಾಲೂ ಮಾಡಿದೊಡನೆ ಅಲ್ಲಿಯ ಜಾಲವು ಇಲ್ಲಿಯ ಕಂಪನಿಯ ದಾಖಲೆಯನ್ನು ವಿಚಾರಿಸುತ್ತದೆ: ಈತ ನಿಮ್ಮವನೇ, ಇವನಿಗೆ ಅನುಮತಿ ಇದೆಯೇ? ಹೌದು ಎಂಬ ಉತ್ತರ ಬಂದರೆ ಮಾತ್ರ ಸಿಗ್ನಲ್. ನಿಮ್ಮ ಸಂಖ್ಯೆಗೆ ಪಕ್ಕದ ಕೋಣೆಯವನು ಕರೆ ಮಾಡಿದರೂ ಅದು ಭಾರತಕ್ಕೆ ಬಂದು ಮತ್ತೆ ದುಬೈಗೆ ಹೋಗಬೇಕು. ಒಳಬರುವ ಕರೆಗೂ ದುಡ್ಡು ಹೋಗುವುದು ಈ ಎರಡನೆಯ ಪಯಣಕ್ಕಾಗಿ. ದುಡ್ಡು ತಿರುಗಾಟದ ಖರ್ಚು, ತಿರುಗಾಟವೇ ಅಲ್ಲ. ಐರೋಪ್ಯ ಒಕ್ಕೂಟದ ದೇಶಗಳು 2017ರ ಜೂನ್‌ನಲ್ಲಿ ತಮ್ಮೊಳಗಿನ ಹೆಚ್ಚುವರಿ ಶುಲ್ಕವನ್ನು ತೆಗೆದುಹಾಕಿದವು, ಅಲ್ಲಿ ರೋಮಿಂಗ್ ಈಗಲೂ ನಡೆಯುತ್ತಲೇ ಇದೆ.

ಅಲ್ಲಿಯ ಸಿಮ್ ಕೊಳ್ಳುವುದು ಬೇರೆಯೇ ಕೆಲಸ. ಅದು ಮೇಳ ಬಿಟ್ಟು ಮೇಳ ಸೇರಿದ ಹಾಗೆ. ಹೊಸ ಸಂಖ್ಯೆ, ಹೊಸ ಯಜಮಾನ, ಅಲ್ಲಿಯ ದರ. ನನ್ನ ಸೋದರಳಿಯ ಮಾಡಿದ್ದು ಇದನ್ನೇ. ರೋಮಿಂಗ್ ಬೀಳುತ್ತದೆಂಬ ಹೆದರಿಕೆಯಲ್ಲಿ ಊರಿನ ಸಿಮ್ಮನ್ನು ತೆಗೆದು ಪರ್ಸಿನಲ್ಲಿಟ್ಟಿದ್ದಾನೆ. ಬ್ಯಾಂಕಿನ ಒಟಿಪಿಗಳೆಲ್ಲ ಆ ಪರ್ಸಿನ ಬಾಗಿಲಲ್ಲಿ ನಿಂತಿವೆ.

ಇನ್ನು ಆ ಫಲಕದ ‘ಇಂಟರ್‌ನ್ಯಾಷನಲ್ ಸಿಮ್’. ನನ್ನ ಮುಖ್ಯ ಜಗಳ ಇದರ ಜೊತೆಗೆ. ಪ್ರತಿ ಸಿಮ್ಮಿನೊಳಗೂ ಸಾಮಾನ್ಯವಾಗಿ ಹದಿನೈದು ಅಂಕಿಗಳ ಗುರುತು ಇರುತ್ತದೆ, ಅದರ ಮೊದಲ ಮೂರು ಅಂಕಿ ದೇಶದ್ದು. ಭಾರತಕ್ಕೆ 404, 405, ಸೌದಿಗೆ 420, ಯುಎಇಗೆ 424, ಬ್ರಿಟನ್ನಿಗೆ 234, ಎಸ್ಟೋನಿಯಾಕ್ಕೆ 248. ಯಾವ ದೇಶಕ್ಕೂ ಸೇರದ 901 ಎಂಬುದೂ ಒಂದಿದೆ, ಉಪಗ್ರಹ ಫೋನು, ಹಡಗಿನ ಜಾಲ ಮೊದಲಾದವುಗಳಿಗೆ. ಪ್ರವಾಸಿಗರಿಗೆಂದು ಮಾರುವ ಪ್ರೀಪೇಯ್ಡ್ ಸಿಮ್‌ಗಳಲ್ಲಿ ಎಷ್ಟೋ ಬ್ರಿಟನ್ನಿನವು ಅಥವಾ ಎಸ್ಟೋನಿಯಾದವು. ಕಾಸರಗೋಡಿನವನು ಎಸ್ಟೋನಿಯಾದ ಸಿಮ್ ಹಾಕಿಕೊಂಡು ಸಿಂಗಾಪುರದಲ್ಲಿ ತಿರುಗಿದರೆ ಅವನ ಫೋನ್ ಅಲ್ಲಿ ರೋಮಿಂಗಿನಲ್ಲಿದೆ. ಥಾಯ್ಲೆಂಡಿಗೆ ಹೋದರೆ ಅಲ್ಲಿಯೂ ರೋಮಿಂಗ್. ಅದರ ತವರು ಎಸ್ಟೋನಿಯಾ, ಇವನು ಆ ದೇಶವನ್ನು ಭೂಪಟದಲ್ಲಿ ಕೂಡ ನೋಡಿರಲಿಕ್ಕಿಲ್ಲ. ಹುಟ್ಟಿದ್ದೇ ತಿರುಗಾಟಕ್ಕಾಗಿ, ಸ್ವಂತ ರಂಗಸ್ಥಳದಲ್ಲಿ ಒಂದು ಆಟವನ್ನೂ ಆಡದ ಮೇಳ ಅದು. ದರ ಅಗ್ಗವಿರುವುದು ಆ ಕಂಪನಿ ಬೇರೆಬೇರೆ ದೇಶಗಳ ಜಾಲಗಳೊಡನೆ ಸಗಟು ಒಪ್ಪಂದ ಮಾಡಿಕೊಂಡಿರುವುದರಿಂದ, ರೋಮಿಂಗ್ ಇಲ್ಲದ್ದರಿಂದ ಅಲ್ಲ.

ಹೆಸರಿನ ಜಗಳಕ್ಕೆ ಇಷ್ಟು ಸಿಟ್ಟು ಏಕೆ ಎನ್ನುವವರು ನಮ್ಮ ನೆರೆಮನೆಯ ದಂಪತಿಯ ಕತೆ ಕೇಳಬೇಕು. ಸಿಂಗಾಪುರಕ್ಕೆ ಹೊರಟವರು ಇಂಥದ್ದೇ ಒಂದು ಇ-ಸಿಮ್ ಕೊಂಡರು. ಪ್ಲಾಸ್ಟಿಕ್ ಬಿಲ್ಲೆ ಇಲ್ಲ ಎಂಬುದನ್ನು ಬಿಟ್ಟರೆ ಇ-ಸಿಮ್ಮಿನ ವ್ಯವಹಾರವೂ ಇದೇ. ವಿಮಾನ ಇಳಿದ ಮೇಲೆ ಫೋನಿನಲ್ಲಿ ‘ಡೇಟಾ ರೋಮಿಂಗ್’ ಚಾಲೂ ಮಾಡಿ ಎಂದು ಅದರ ಸೂಚನೆಯಲ್ಲಿ ಬರೆದಿತ್ತು. ‘ಅಷ್ಟು ಗೊತ್ತಿಲ್ಲವೇ ನಮಗೆ, ಅದನ್ನು ಒತ್ತಿದರೆ ದುಡ್ಡು ಬೀಳುತ್ತದೆ’ ಎಂದು ಯಜಮಾನರು ಒತ್ತಲಿಲ್ಲ. ಕೊಂಡ ಇಂಟರ್‌ನೆಟ್ ಫೋನಿನಲ್ಲೇ ಉಳಿಯಿತು, ಅವರು ಹೋಟೆಲಿನ ವೈಫೈ ಹುಡುಕುತ್ತ ನಾಲ್ಕು ದಿನ ಕಳೆದರು. ಆ ಸಿಮ್ ಪರರ ಜಾಲದಲ್ಲಿರುವ ಕಾರಣ ಆ ಗುಂಡಿ ಒತ್ತದೆ ಡೇಟಾ ಬರುವುದೇ ಇಲ್ಲ. ಒತ್ತಬಾರದ್ದು ಪಕ್ಕದಲ್ಲಿರುವ ಊರಿನ ಸಿಮ್ಮಿನ ಗುಂಡಿಯನ್ನು, ಅದೂ ಪ್ಯಾಕ್ ಹಾಕಿಸದಿದ್ದಾಗ. ಎರಡು ಸಿಮ್ಮಿಗೂ ಬೇರೆಬೇರೆ ಗುಂಡಿ ಇರುವ ಫೋನಿನಲ್ಲಿ ಒಂದನ್ನು ಒತ್ತಿ ಇನ್ನೊಂದನ್ನು ಬಿಡಲು ಪದದ ಅರ್ಥ ತಿಳಿದಿರಬೇಕು, ಹೆದರಿಕೆ ಸಾಲದು.

‘ಪ್ರೀಪೇಯ್ಡ್’ ಬಗ್ಗೆ ಜಗಳವಿಲ್ಲ, ಮೊದಲೇ ಕೊಟ್ಟ ದುಡ್ಡು ಎಂಬುದನ್ನು ಎಲ್ಲರೂ ಸರಿಯಾಗಿಯೇ ಬಳಸುತ್ತಾರೆ. ಪ್ರೀಪೇಯ್ಡ್ ಸಿಮ್ ಹೊರದೇಶದಲ್ಲೂ ನಡೆಯಬೇಕಾದರೆ ಕರೆಯ ನಡುವೆಯೇ ತವರಿನ ಬಾಕಿ ಮೊತ್ತ ನೋಡುತ್ತಿರಬೇಕು. ಹಾಗೆ ನೋಡಲು ಅನುವು ಮಾಡಿಕೊಟ್ಟ ತಂತ್ರದ ಸಂಕ್ಷಿಪ್ತ ಹೆಸರು ‘ಕ್ಯಾಮೆಲ್’. ಕೊಲ್ಲಿಗೆ ಹೋಗುವವರ ಸಿಮ್ಮನ್ನು ಒಂಟೆ ಹೊರುತ್ತದೆಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ, ಆದರೆ ಇದು ಮಾತ್ರ ನಿಜ.

ಸೋದರಳಿಯನ ಸಂಖ್ಯೆಗೆ ಮೊನ್ನೆ ಇಲ್ಲಿಂದ ನೇರವಾಗಿ ಕರೆ ಮಾಡಿದೆ, ಅಲ್ಲಿ ವಾಟ್ಸ್‌ಆ್ಯಪ್ ಕರೆಗೆ ಅವಕಾಶವಿಲ್ಲ. ಅಲ್ಲಿಯ ಸಿಮ್ಮಿಗೆ ಅಲ್ಲಿಯೇ ಬರುವ ಕರೆ, ಎತ್ತಿದರೆ ಅವನ ಒಂದು ಫಿಲ್ಸೂ ಹೋಗುವುದಿಲ್ಲ. ಹೊರದೇಶದ ಕರೆಯ ದರ ಪೂರ್ತಿ ನನ್ನ ಲೆಕ್ಕದ್ದು. ನಾಲ್ಕು ಸಲ ರಿಂಗಾಗಿ ಕತ್ತರಿಸಿದ. ಎರಡು ನಿಮಿಷದಲ್ಲಿ ಸಂದೇಶ ಬಂತು: ‘ಹೇಳಿದ್ದೆನಲ್ಲ ಮಾವ, ರೋಮಿಂಗ್.’