ಮಕ್ಕಳಿಗೆ ಪರಿಸರ ಕಲಿಸುವುದು: ಬೀದರಿನ ಮಣ್ಣಿನಿಂದ ಶುರು ಮಾಡೋಣ

ಶಿಕ್ಷಕರಾಗಲು ಡಿ.ಇಎಲ್.ಇಡಿ, ಬಿ.ಇಡಿ ಓದುತ್ತಿರುವ ಗೆಳೆಯರಿಗೆ ಮತ್ತು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತಯಾರಿಯಲ್ಲಿರುವವರಿಗೆ ಈ ಟಿಪ್ಪಣಿ. ಟಿಇಟಿ ಮೊದಲ ಪತ್ರಿಕೆಯ 150 ಅಂಕಗಳಲ್ಲಿ 30 ಅಂಕ ಪರಿಸರ ಅಧ್ಯಯನಕ್ಕೇ ಇದೆ. ಹಾಗಾಗಿ ಪರೀಕ್ಷೆಗೆ ಬೇಕಾದದ್ದನ್ನು ಮೊದಲು ಹೇಳಿ, ತರಗತಿಗೆ ಬೇಕಾದದ್ದನ್ನು ಆಮೇಲೆ ವಿವರವಾಗಿ ಬರೆಯುತ್ತೇನೆ.

ನೆನಪಿಡಬೇಕಾದ ವರ್ಷಗಳು ಕಡಿಮೆ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 48ಎ ಮತ್ತು 51ಎ ವಿಧಿಗಳು ಸೇರಿದವು. 48ಎ ಸರ್ಕಾರಕ್ಕೆ ಹೇಳುವ ಮಾತು. 51ಎ(ಜಿ) ನಮಗೆ ಹೇಳುವುದು: ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲಾ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು ಎಂದಿತು. 2001ರಲ್ಲಿ ರಾಷ್ಟ್ರೀಯ ಹಸಿರು ಪಡೆ ಬಂತು. ಶಾಲೆಗಳಲ್ಲಿರುವ ಇಕೋ ಕ್ಲಬ್‌ಗಳು ಅದರ ಭಾಗ.

1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ನಡೆದ ಪರಿಸರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಿ. ಪರಿಸರ ಶಿಕ್ಷಣಕ್ಕೆ ಐದು ಗುರಿಗಳನ್ನು ಅಲ್ಲಿ ಗುರುತಿಸಲಾಯಿತು: ಅರಿವು, ಜ್ಞಾನ, ಮನೋಭಾವ, ಕೌಶಲ, ಭಾಗವಹಿಸುವಿಕೆ. ನಮ್ಮ ಪಾಠಗಳು ಹೆಚ್ಚಾಗಿ ಎರಡನೇ ಗುರಿಗೇ ನಿಂತುಬಿಡುತ್ತವೆ. ಓಝೋನ್ ಪದರ, ಹಿಮಕರಡಿ, ಅಮೆಜಾನ್ ಕಾಡು ಎಲ್ಲವೂ ಮಕ್ಕಳ ಬಾಯಲ್ಲಿರುತ್ತವೆ. ತಮ್ಮ ಊರಿನ ಬಾವಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಕೈ ಹಾಕಲು ಹತ್ತಿರದ ವಸ್ತು ಸಿಕ್ಕರೆ ಉಳಿದ ಮೂರು ಗುರಿಗಳಿಗೂ ದಾರಿ ಆಗುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ಬೀದರಿನಲ್ಲಿ ಆ ವಸ್ತು ಕಾಲ ಕೆಳಗೇ ಇದೆ.

ಎರಡು ಬಾಟಲಿಯ ಪಾಠ

ಒಂದು ಲೀಟರಿನ ಎರಡು ಖಾಲಿ ನೀರಿನ ಬಾಟಲಿ ತನ್ನಿ. ತಳ ಕತ್ತರಿಸಿ. ಬಾಯಿಗೆ ಹಳೆಯ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ, ಕೆಳಗೆ ಲೋಟ ಇಡಿ. ಒಂದರಲ್ಲಿ ಅರ್ಧದವರೆಗೆ ಊರಿನ ಕೆಂಪು ಮಣ್ಣು, ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನ ಪುಡಿ ಮತ್ತು ಹರಳು. ಇನ್ನೊಂದರಲ್ಲಿ ಹೊಲದ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಚೆನ್ನಾಗಿ ಒಣಗಿಸಿ ಪುಡಿ ಮಾಡಿದ್ದು. ಎರಡಕ್ಕೂ ಒಂದೇ ಅಳತೆಯ ನೀರು ಹಾಕಿ. ಮುಂದೇನಾಗುತ್ತದೆ ಅಂತ ಹಾಕುವ ಮೊದಲೇ ಮಕ್ಕಳಿಂದ ಬರೆಸಿಕೊಳ್ಳಿ. ಇದನ್ನು ಬಿಡಬೇಡಿ, ಆಸಕ್ತಿ ಹುಟ್ಟುವುದೇ ಇಲ್ಲಿ.

ಕೆಂಪು ಮಣ್ಣಿನ ಬಾಟಲಿಯಿಂದ ನೀರು ಬೇಗ ತೊಟ್ಟಿಕ್ಕುತ್ತದೆ. ಎರೆ ಮಣ್ಣು ಒದ್ದೆಯಾದಂತೆ ಉಬ್ಬಿ ಅಂಟಂಟಾಗುತ್ತದೆ, ನೀರು ಮೇಲೆಯೇ ನಿಲ್ಲುತ್ತದೆ. ಮಾರನೆಯ ದಿನವೂ ಮುಟ್ಟಿ ನೋಡಲು ಹೇಳಿ. ಎರೆ ಮಣ್ಣು ಇನ್ನೂ ತಂಪಾಗಿರುತ್ತದೆ. ಮಳೆ ಹೋದ ಮೇಲೂ ಹಿಂಗಾರಿ ಜೋಳ, ಕಡಲೆ ಹೇಗೆ ಬೆಳೆಯುತ್ತವೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಬಹಳಷ್ಟು ಮಕ್ಕಳು ರೈತರ ಮನೆಯವರು. ಈ ಉತ್ತರವನ್ನು ಅವರೇ ಹೇಳಲಿ, ನೀವು ಕಾಯಿರಿ.

ಈಗ ಕೆಂಪು ಬಾಟಲಿಗೆ ಬನ್ನಿ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿಯುತ್ತದೆ, ಕೆಳಗಿನ ಗಟ್ಟಿ ಕಪ್ಪು ಕಲ್ಲಿಗೆ ತಾಗಿ ನಿಲ್ಲುತ್ತದೆ. ಮುಂದೆ ಹೋಗಲು ದಾರಿ ಸಿಗದೆ ಪಕ್ಕಕ್ಕೆ ಸರಿದು ದಿಬ್ಬದ ಅಂಚಿನಲ್ಲಿ ಒಸರುತ್ತದೆ. ಝರಣಿ ನರಸಿಂಹನ ಗುಹೆಯ ನೀರು, ಗುರುನಾನಕ್ ಝೀರಾ ಗುರುದ್ವಾರದ ನೀರು ಮಕ್ಕಳು ಕಣ್ಣಾರೆ ಕಂಡದ್ದೇ. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಇದೇ ಗುಣವನ್ನು ಬಳಸಿಕೊಂಡ ಕೆಲಸ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ತೋಡಿದ್ದು. ನೆಲದಡಿ ತುಸು ಇಳಿಜಾರಾಗಿ ಸುರಂಗ, ಅದಕ್ಕೆ ಮೇಲಿನಿಂದ ಅಲ್ಲಲ್ಲಿ ಗಾಳಿಬಾವಿಗಳು. ನೀರು ತನ್ನ ಭಾರಕ್ಕೇ ಹರಿಯುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಮಕ್ಕಳನ್ನು ಕರೆದುಕೊಂಡು ಹೋದರೆ ಮೇಲಿನಿಂದಲೇ ತೋರಿಸಿ, ಒಳಗೆ ಇಳಿಸಬೇಡಿ.

ಕಾಪಾಡುವ ಮಾತು ಇಲ್ಲಿಂದಲೇ ಬರಬೇಕು. ನೀರು ಬೇಗ ಇಳಿಯುವ ನೆಲದಲ್ಲಿ ಕೊಳಕೂ ಬೇಗ ಇಳಿಯುತ್ತದೆ ಅಲ್ವಾ? ಅದೇ ಕೆಂಪು ಬಾಟಲಿಗೆ ನೀಲಿ ಬೆರೆಸಿದ ನೀರು ಹಾಕಿ ತೋರಿಸಿ. ಲೋಟದಲ್ಲಿ ಬಣ್ಣ ಕಂಡ ಮೇಲೆ, ಬಾವಿಯ ಪಕ್ಕ ಕಸ ಸುರಿಯುವುದು, ಶೌಚದ ಗುಂಡಿ ತೋಡುವುದು ಯಾಕೆ ತಪ್ಪು ಅಂತ ಭಾಷಣ ಮಾಡುವ ಅಗತ್ಯವೇ ಇರುವುದಿಲ್ಲ. ಗಾಳಿಬಾವಿ ಮುಚ್ಚಿ ಕಟ್ಟಡ ಎಬ್ಬಿಸಿದರೆ ಏನಾಗುತ್ತದೆ ಎಂಬುದನ್ನೂ ಮಕ್ಕಳು ತಾವೇ ಯೋಚಿಸುತ್ತಾರೆ.

ವಯಸ್ಸಿಗೆ ತಕ್ಕ ಕೆಲಸ

ಮಕ್ಕಳ ಯೋಚನೆ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಹಂತಗಳನ್ನು ಇಲ್ಲಿ ನೆನೆಯಿರಿ. 7ರಿಂದ 11 ವರ್ಷದ ಮಗು ಕಣ್ಣಿಗೆ ಕಂಡದ್ದರ, ಕೈಗೆ ಸಿಕ್ಕಿದ್ದರ ಮೇಲೆ ಯೋಚಿಸುತ್ತದೆ. ಆ ವಯಸ್ಸಿಗೆ ಬಾಟಲಿ, ಮಣ್ಣು, ಹಕ್ಕಿ, ಬೀಜ ಸಾಕು. ಭೂಮಿ ಸುಡುತ್ತಿದೆ, ಪ್ರಾಣಿಗಳೆಲ್ಲ ಸಾಯುತ್ತಿವೆ ಅಂತ ಹೆದರಿಸಬಾರದು. ಹೆದರಿದ ಮಗು ಆ ವಿಷಯವನ್ನೇ ದೂರ ಇಡುತ್ತದೆ. ಜೋಳದ ಹೊಲ ತೋರಿಸಿ ಕೇಳಿ: ತೆನೆ ಎಲ್ಲಿಗೆ ಹೋಗುತ್ತದೆ, ಕಣಿಕೆ (ಒಣ ದಂಟು) ಎಲ್ಲಿಗೆ, ಸಗಣಿ ಎಲ್ಲಿಗೆ? ರೊಟ್ಟಿ, ದನ, ತಿಪ್ಪೆ, ಮತ್ತೆ ಹೊಲ. ಚಿಪ್ಸಿನ ಪ್ಯಾಕೆಟ್ಟನ್ನೂ ಇದೇ ಸುತ್ತಿನಲ್ಲಿ ಇಡಲು ಹೇಳಿ. ಅದಕ್ಕೆ ಎಲ್ಲೂ ಜಾಗ ಸಿಗುವುದಿಲ್ಲ.

ಹೈಸ್ಕೂಲಿನವರಿಗೆ ಈ ಆಟ ಸಾಲದು, ಅವರಿಗೆ ಜವಾಬ್ದಾರಿ ಬೇಕು. ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ತಿಂಗಳಿಗೊಮ್ಮೆ ಬಾವಿಯ ನೀರಿನ ಮಟ್ಟ ಅಳೆಯಲಿ, ಜೊತೆಗೆ ಶಿಕ್ಷಕರು ನಿಂತಿರಲಿ. ಆ ಅಂಕಿಗಳನ್ನು ಮಳೆಯ ಲೆಕ್ಕದ ಪಕ್ಕ ಗ್ರಾಫ್‌ನಲ್ಲಿ ಬಿಡಿಸಲಿ. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದ್ದರೆ ಕೇಳಿ ತಂದು ಶಾಲೆಯ ನಲ್ಲಿಯ ನೀರನ್ನೂ ನೋಡಲಿ. ಈ ಅಂಕಿ ಹಿಡಿದು ಮಕ್ಕಳ ಗ್ರಾಮಸಭೆಯಲ್ಲಿ ಮಾತಾಡಬಹುದು. ಟಿಬಿಲಿಸಿಯ ಐದನೇ ಗುರಿ ಅಂದರೆ ಇದೇ. "ಸರ್, ನಮ್ಮ ಬಾವಿ ಮಾರ್ಚಿನಿಂದ ಇಷ್ಟು ಇಳಿದಿದೆ" ಅಂತ ಒಂಬತ್ತನೇ ತರಗತಿಯ ಹುಡುಗಿ ಚಾರ್ಟ್ ತೋರಿಸಿ ಕೇಳಿದರೆ ದೊಡ್ಡವರು ಉತ್ತರ ಕೊಡಲೇಬೇಕಾಗುತ್ತದೆ.

ಬೇರೆ ಜಿಲ್ಲೆಯವರು ತಮ್ಮ ಊರಿನ ವಸ್ತು ಹುಡುಕಿಕೊಳ್ಳಿ. ಯಾದಗಿರಿಯವರಿಗೆ ಸುರಪುರದ ಬಳಿ ಬೋನಾಳ ಪಕ್ಷಿಧಾಮವಿದೆ, ಕಲಬುರಗಿಯವರಿಗೆ ಚಿಂಚೋಳಿಯ ಕಾಡಿದೆ. ಬೀದರಿನಲ್ಲೂ ನೀರಿನ ಹೊರತಾಗಿ ಕೃಷ್ಣಮೃಗಗಳಿವೆ.

ಕೊನೆಯದಾಗಿ ಜೂನ್ 5ರ, ಅಂದರೆ ವಿಶ್ವ ಪರಿಸರ ದಿನದ, ಗಿಡ ನೆಡುವ ಕಾರ್ಯಕ್ರಮ. ನಮ್ಮ ಕಡೆ ಜೂನ್ ಮೊದಲ ವಾರದಲ್ಲಿ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಅವತ್ತು ಗುಂಡಿ ತೋಡಿಸಿ, ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಗಿಡ ಇಡಿಸಿ. ಬೇವು, ಹೊಂಗೆ, ಹುಣಸೆ, ಬನ್ನಿ ಈ ನೆಲಕ್ಕೆ ಒಗ್ಗಿದವು. ನೂರು ಗಿಡ ಬೇಡ, ಮಕ್ಕಳು ನೋಡಿಕೊಳ್ಳಲು ಆಗುವಷ್ಟೇ ಇರಲಿ. ಗಿಡ ಒಣಗುವುದು ಹೆಚ್ಚಾಗಿ ಏಪ್ರಿಲ್, ಮೇ ರಜೆಯಲ್ಲಿ. ಆಗ ಶಾಲೆಗೆ ಬೀಗ. ಪರೀಕ್ಷೆ ಮುಗಿಯುವ ಮೊದಲೇ, ಶಾಲೆಯ ಹತ್ತಿರ ಮನೆ ಇರುವ ಮಕ್ಕಳ ಪಾಳಿ ಪಟ್ಟಿ ಬರೆದು, ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಅದರಲ್ಲೇ ನಮೂದಿಸಿ.