ಕ್ವಿಲ್ಡಾ: ಜೆಕ್ ಗಡಿಬೆಟ್ಟದ ಮೇಲಿನ ಒಂದು ಸಣ್ಣ ಊರು

ಓದುವಾಗ ಪಕ್ಕದಲ್ಲಿ ನಕ್ಷೆ ಇಟ್ಟುಕೊಳ್ಳಿ. ಜೆಕ್ ಗಣರಾಜ್ಯದ ನೈಋತ್ಯ ಅಂಚಿನಲ್ಲಿ, ಜರ್ಮನಿಯ ಬವೇರಿಯಾಕ್ಕೆ ತಾಗಿದಂತೆ ಶುಮಾವಾ ಬೆಟ್ಟಸಾಲು ಇದೆ. ಅದರ ನೆತ್ತಿಯ ಮೇಲೆ ಸುಮಾರು 1065 ಮೀಟರ್ ಎತ್ತರದಲ್ಲಿರುವ ಊರು ಕ್ವಿಲ್ಡಾ. ಸ್ವಂತ ಸ್ಥಳೀಯ ಆಡಳಿತ ಇರುವ ಜೆಕ್ ಊರುಗಳಲ್ಲಿ ಇದೇ ಅತಿ ಎತ್ತರದ್ದು. ಖಾಯಂ ಜನ ಇನ್ನೂರೂ ಇಲ್ಲ. ಗಡಿ ಇಲ್ಲಿಂದ ಆರೇಳು ಕಿಲೋಮೀಟರ್ ದೂರ.

ಗಡಿಬೆಟ್ಟ ಎಂದರೆ ಚೂಪು ಶಿಖರಗಳ ಸಾಲು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಿಲ್ಲ. ಹತ್ತಿ ಮೇಲೆ ಬಂದರೆ ಸಿಗುವುದು ಅಲೆಅಲೆಯಾದ ಪ್ರಸ್ಥಭೂಮಿ. ಪರೀಕ್ಷೆಗೆ ಓದುವವರು ಈ ಒಂದು ಅಂಶ ಗಟ್ಟಿ ಮಾಡಿಕೊಂಡರೆ ಸಾಕು. ಊರಿನ ಚಳಿ, ಜೌಗು, ಉಪ್ಪಿನ ವ್ಯಾಪಾರ, ಮುಳ್ಳುತಂತಿ ಎಲ್ಲಕ್ಕೂ ಬೇರು ಅಲ್ಲಿದೆ.

ಮೊದಲು ನೀರು. ಯುರೋಪಿನ ಪ್ರಧಾನ ಜಲವಿಭಾಜಕ ಇದೇ ಬೆಟ್ಟದ ಮೇಲೆ ಹಾದುಹೋಗುತ್ತದೆ. ಕ್ವಿಲ್ಡಾದ ನೈಋತ್ಯಕ್ಕೆ, ಚೆರ್ನಾ ಹೋರಾ ಬೆಟ್ಟದ ಇಳಿಜಾರಿನಲ್ಲಿ ಹುಟ್ಟುವ ತೆಪ್ಲಾ ವಲ್ಟಾವಾ ತೊರೆ ಮುಂದೆ ವಲ್ಟಾವಾ ನದಿಯಾಗಿ ಪ್ರಾಗ್ ದಾಟಿ, ಎಲ್ಬೆ ಸೇರಿ, ಉತ್ತರ ಸಮುದ್ರಕ್ಕೆ ಹೋಗುತ್ತದೆ. ಅದೇ ಬೆಟ್ಟದ ಆಚೆ ಬದಿಗೆ ಬಿದ್ದ ಮಳೆ ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರದ ಪಾಲಾಗುತ್ತದೆ.

ಸಪಾಟು ನೆಲದಲ್ಲಿ ನೀರು ಬೇಗ ಹರಿದು ಹೋಗುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಪೂರ್ತಿ ಕೊಳೆಯದೆ ಪದರಪದರವಾಗಿ ಕೂತು ಪೀಟ್ ಜೌಗು ಆಗುತ್ತದೆ. ಊರ ಹತ್ತಿರದ ಯೆಜೆರ್ನಿ ಸ್ಲಾತ್ ಅಂಥದ್ದು. ಹಿಮಯುಗದಿಂದ ಉಳಿದುಬಂದ ಕುಬ್ಜ ಬರ್ಚ್ ಗಿಡ ಇಲ್ಲಿ ಇನ್ನೂ ಇದೆ, ನಮ್ಮ ಮೊಣಕಾಲಿನ ಮಟ್ಟಕ್ಕೆ. ಅದಕ್ಕೆ ಒಗ್ಗುವ ಚಳಿಯೂ ಇದೆ: ತಿಳಿಯಾದ, ಗಾಳಿಯಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು, ಬೋಗುಣಿಯಲ್ಲಿ ನೀರು ನಿಂತಂತೆ ತಗ್ಗಿನಲ್ಲಿ ನಿಲ್ಲುತ್ತದೆ. 1987ರ ಜನವರಿಯಲ್ಲಿ ಇಲ್ಲಿ ಉಷ್ಣಾಂಶ ಮೈನಸ್ 41.6 ಡಿಗ್ರಿಗೆ ಇಳಿದಿತ್ತು. ಬೇಸಿಗೆಯ ರಾತ್ರಿಗಳಲ್ಲೂ ಮಂಜುಗಡ್ಡೆ ಕಟ್ಟುವುದುಂಟು. ಗೋಧಿ ಬೆಳೆದು ಬದುಕುವ ಜಾಗ ಇದಲ್ಲ ಎಂಬುದು ಸ್ಪಷ್ಟ. ಹಾಗಾದರೆ ಜನ ಇಲ್ಲಿಗೆ ಬಂದದ್ದಾದರೂ ಯಾಕೆ?

ದಾರಿಗಾಗಿ. ಬೊಹೆಮಿಯಾದಲ್ಲಿ, ಅಂದರೆ ಇಂದಿನ ಜೆಕ್ ಗಣರಾಜ್ಯದ ಪಶ್ಚಿಮ ಭಾಗದಲ್ಲಿ, ಉಪ್ಪು ಸಿಗುತ್ತಿರಲಿಲ್ಲ. ಆಲ್ಪ್ಸ್ ಕಡೆಯ ಉಪ್ಪು ದೋಣಿಯಲ್ಲಿ ಡ್ಯಾನ್ಯೂಬ್ ದಡದ ಪಸ್ಸಾವ್ ಪಟ್ಟಣಕ್ಕೆ ಬಂದು, ಅಲ್ಲಿಂದ ಹೇರುಗುದುರೆಗಳ ಬೆನ್ನ ಮೇಲೆ ಕಾಡು ದಾಟುತ್ತಿತ್ತು. ಈ ಮಾರ್ಗಕ್ಕೆ ‘ಚಿನ್ನದ ದಾರಿ’ ಎಂದೇ ಹೆಸರು. ಇದರ ಮೂರು ಮುಖ್ಯ ಕವಲುಗಳು ಪ್ರಖಾತಿತ್ಸೆ, ವಿಂಪೆರ್ಕ್, ಕಾಶ್ಪೆರ್ಸ್ಕೆ ಹೋರಿ ಪಟ್ಟಣಗಳಿಗೆ ಹೋಗುತ್ತಿದ್ದವು. ಕೊನೆಯದನ್ನು ಮಾಡಿಸಿದ್ದು 1356ರಲ್ಲಿ ನಾಲ್ಕನೇ ಚಾರ್ಲ್ಸ್ ಚಕ್ರವರ್ತಿ. ಅದು ಕ್ವಿಲ್ಡಾ ಮೇಲೆಯೇ ಹಾದುಹೋಗುತ್ತಿತ್ತು. ಹೋಗುವಾಗ ಉಪ್ಪು, ಮರಳುವಾಗ ಧಾನ್ಯ, ಮಾಲ್ಟ್, ಜೇನು. ಕುದುರೆ ಬರಿಗೈಯಲ್ಲಿ ಮರಳಿದರೆ ಸಾಹುಕಾರನಿಗೆ ನಷ್ಟವಲ್ಲವೇ. 18ನೇ ಶತಮಾನದ ಆರಂಭಕ್ಕೆ ಬೊಹೆಮಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಸರ್ಕಾರ ತನ್ನದೇ ಉಪ್ಪನ್ನು ಮಾರಲು ಹೊರಗಿನ ಉಪ್ಪಿಗೆ ತಡೆ ಹಾಕಿತು, ದಾರಿ ಬಡವಾಯಿತು.

ಆಮೇಲೆ ಕೈ ಹಿಡಿದದ್ದು ಕಾಡು. ಗಾಜಿನ ಕುಲುಮೆಗಳಿಗೆ ಸೌದೆ, ಪಟ್ಟಣಗಳಿಗೆ ಮರ. ಗಾಜಿನ ಹಿಂಬದಿಯಲ್ಲಿ ಸಂತರ ಚಿತ್ರ ಬರೆಯುವ ಕಸುಬಿಗೂ ಕ್ವಿಲ್ಡಾ ಹೆಸರಾಗಿತ್ತು. ನನಗೆ ಇಷ್ಟವಾದ ವಿವರ ಬೇರೆ: ಚಳಿಯಲ್ಲಿ ಸ್ಪ್ರೂಸ್ ಎಂಬ ಸೂಜಿಎಲೆಯ ಮರ ಬಹಳ ನಿಧಾನ ಬೆಳೆಯುವುದರಿಂದ ಅದರ ವಾರ್ಷಿಕ ಉಂಗುರಗಳು ಒತ್ತೊತ್ತಾಗಿರುತ್ತವೆ, ಪಿಟೀಲು, ಪಿಯಾನೋಗಳ ನಾದಫಲಕಕ್ಕೆ ಅಂಥ ಮರವೇ ಬೇಕು. ಪಕ್ಕದ ಮೋದ್ರವಾದಲ್ಲಿ 19ನೇ ಶತಮಾನದಲ್ಲಿ ಅದಕ್ಕೊಂದು ಕಾರ್ಖಾನೆಯೇ ಇತ್ತು. ಬೆಳೆ ಕೆಡಿಸಿದ ಚಳಿಯೇ ಮರಕ್ಕೆ ಬೆಲೆ ತಂದಿತು. 1870ರ ಬಿರುಗಾಳಿ ಕಾಡನ್ನು ಮಲಗಿಸಿದಾಗ, ಅದರ ಹಿಂದೆಯೇ ತೊಗಟೆ ಜೀರುಂಡೆಯ ಹಾವಳಿ ಬಂತು. ಬಿದ್ದ ಮರ ಸಾಗಿಸಲು ಕೂಲಿಕಾರರು ಗುಂಪುಗುಂಪಾಗಿ ಹತ್ತಿ ಬಂದರು.

ಊರಿನವರಲ್ಲಿ ಹೆಚ್ಚಿನವರ ಮನೆಮಾತು ಜರ್ಮನ್, ಊರನ್ನು ಕರೆಯುತ್ತಿದ್ದದ್ದು ಆವ್ಸರ್‌ಗೆಫಿಲ್ಡ್ ಎಂದು. 20ನೇ ಶತಮಾನದ ಕಥೆ ಅರ್ಥವಾಗಲು ಇದು ಗೊತ್ತಿರಬೇಕು. 1938ರ ಮ್ಯೂನಿಕ್ ಒಪ್ಪಂದದಿಂದ ಈ ಅಂಚು ಹಿಟ್ಲರನ ಜರ್ಮನಿಗೆ ಸೇರಿತು. ಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯಾ ಸುಮಾರು ಮೂವತ್ತು ಲಕ್ಷ ಜರ್ಮನ್ ಭಾಷಿಕರನ್ನು ಹೊರಹಾಕಿತು. ಕ್ವಿಲ್ಡಾ ಬಹುಪಾಲು ಖಾಲಿಯಾಯಿತು. ಹೊಸಬರು ಬಂದರೂ ಹಳೆಯ ಜನಸಂಖ್ಯೆ ಮತ್ತೆ ತುಂಬಲಿಲ್ಲ.

ಕ್ವಿಲ್ಡಾ ಬಚಾವಾಯಿತು, ಗಡಿಯಂಚಿನ ಬುಚಿನಾ ಬಚಾವಾಗಲಿಲ್ಲ. 1950ರ ದಶಕದ ಆರಂಭದಲ್ಲಿ, ಜನ ಪಶ್ಚಿಮಕ್ಕೆ ಓಡಿಹೋಗದಂತೆ ತಡೆಯಲು, ಕಮ್ಯುನಿಸ್ಟ್ ಸರ್ಕಾರದಿಂದ ಗಡಿಯುದ್ದಕ್ಕೂ ನಿಷೇಧಿತ ವಲಯ ಘೋಷಣೆಯಾಗಿ, ವಿದ್ಯುತ್ ಹರಿಯುವ ತಂತಿಬೇಲಿ, ಕಾವಲು ಗೋಪುರ ಎದ್ದವು. ಬುಚಿನಾದ ಮನೆಗಳನ್ನು ಕೆಡವಿ ಹಾಕಿದರು. ಸಾಮಾನ್ಯ ಪುಸ್ತಕಗಳು ‘ಕಬ್ಬಿಣದ ಪರದೆ’ ಎಂದು ಒಂದು ಸಾಲಿನಲ್ಲಿ ಮುಗಿಸುವುದು ಇದನ್ನೇ. ಇಂದು ಅಲ್ಲಿಗೆ ಹೋದರೆ ಮತ್ತೆ ಕಟ್ಟಿದ ಪುಟ್ಟ ಪ್ರಾರ್ಥನಾಮಂದಿರವೂ ನೋಡುಗರಿಗಾಗಿ ನಿಲ್ಲಿಸಿದ ಬೇಲಿಯ ತುಣುಕೂ ಕಾಣುತ್ತವೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಆಲ್ಪ್ಸ್. ಶತಮಾನಗಟ್ಟಲೆ ದಾರಿಯಾಗಿದ್ದ ನೆಲ ಗೋಡೆಯಾಗಿದ್ದದ್ದು ನಾಲ್ಕು ದಶಕ ಮಾತ್ರ. ಸಹಜವಾಗಿ ದಾಟಬಹುದಾದ ಬೆಟ್ಟವಾದ್ದರಿಂದಲೇ ಅಷ್ಟು ಕಾವಲು ಬೇಕಾಯಿತು ಎಂದು ನನ್ನ ಅನಿಸಿಕೆ.

ಜನರಿಲ್ಲದ ಕಾಡು ಮಾತ್ರ ಸೊಂಪಾಗಿ ಉಳಿಯಿತು. 1991ರಲ್ಲಿ ಶುಮಾವಾ ರಾಷ್ಟ್ರೀಯ ಉದ್ಯಾನ ಆಯಿತು (ಬವೇರಿಯಾ ಕಡೆಯದು 1970ರಲ್ಲೇ ಆಗಿತ್ತು), 2007ರ ಡಿಸೆಂಬರ್‌ನಲ್ಲಿ ಯುರೋಪಿನ ದೇಶಗಳ ನಡುವೆ ಮುಕ್ತ ಓಡಾಟದ ಷೆಂಗೆನ್ ವ್ಯವಸ್ಥೆ ಬಂದು ಗಡಿ ತಪಾಸಣೆಯೂ ಹೋಯಿತು. ಅದೇ ವರ್ಷದ ಜನವರಿಯಲ್ಲಿ ಕಿರಿಲ್ ಬಿರುಗಾಳಿ ಲಕ್ಷಾಂತರ ಮರ ಉರುಳಿಸಿತ್ತು. ಹಿಂದೆಯೇ ಮತ್ತೆ ಜೀರುಂಡೆ. ಈ ಸಲ ಪ್ರಶ್ನೆ ಬೇರೆ: ರೋಗ ತಗುಲಿದ ಮರ ಕಡಿಯಬೇಕೋ, ಹಾಗೇ ಬಿಡಬೇಕೋ? 2011ರ ಬೇಸಿಗೆಯಲ್ಲಿ ಮೋದ್ರವಾ ಬಳಿಯ ಪ್ತಾಚಿ ಪೊತೊಕ್ ಕಾಡಿನಲ್ಲಿ ಪರಿಸರ ಹೋರಾಟಗಾರರು ಕಡಿತಕ್ಕೆ ಅಡ್ಡ ನಿಂತರು, ಪೊಲೀಸರು ಅವರನ್ನು ಎತ್ತಿಕೊಂಡು ಹೋದರು. ಕಡಿಯದೆ ಬಿಟ್ಟ ಕಡೆಗಳಲ್ಲಿ ಸತ್ತ ಕಾಂಡಗಳ ಬುಡದಲ್ಲೇ ಎಳೆಯ ಸ್ಪ್ರೂಸ್ ದಟ್ಟವಾಗಿ ಎದ್ದಿದೆ. ಮರದ ಸಾಗಣೆಯಿಂದ ಬೆಳೆದಿದ್ದ ಕ್ವಿಲ್ಡಾ ಈಗ ಚಳಿಗಾಲದ ಸ್ಕೀ, ಬೇಸಿಗೆಯ ಸೈಕಲ್, ವಲ್ಟಾವಾ ಮೂಲ ನೋಡಲು ಬರುವ ಪ್ರವಾಸಿಗರು, ಇಷ್ಟನ್ನೇ ನಂಬಿಕೊಂಡಿದೆ.