ಮಿಷನ್ ಕಟ್ಟಿದ ವೈದ್ಯರನ್ನು ಮೂಲನಿವಾಸಿಗಳ ಹಕ್ಕಿನ ಹೋರಾಟಗಾರರೆನ್ನಬಹುದೇ?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳ ಪರವಾಗಿ ಹೋರಾಡಿದವರಲ್ಲಿ ಡಾ. ಚಾರ್ಲ್ಸ್ ಡುಗಿಡ್ ಅವರ ಹೆಸರು ಬರುತ್ತದೆ. ಆದರೆ ಅವರು ಸ್ಥಾಪಿಸಿದ್ದು ಕ್ರೈಸ್ತ ಮಿಷನ್. ಮಿಷನ್‌ಗಳೇ ಆ ಜನರ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿದವಲ್ಲವೇ? ಹಾಗಿದ್ದಲ್ಲಿ ಅವರನ್ನು ಹಕ್ಕುಗಳ ಹೋರಾಟಗಾರರೆಂದು ಕರೆಯುವುದು ಸರಿಯೇ?

ಉತ್ತರ: ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಡುಗಿಡ್ ಅವರ ಮಿಷನ್ ಹೇಗೆ ನಡೆಯಿತು, ಅದರ ಹೊರಗೆ ಅವರು ಏನು ಮಾಡಿದರು, ಎಲ್ಲಿ ಎಡವಿದರು ಎಂಬುದನ್ನು ನೋಡದೆ ಹಾಗೆನ್ನಲಾಗದು.

1884ರಲ್ಲಿ ಸ್ಕಾಟ್ಲೆಂಡಿನ ಸಾಲ್ಟ್‌ಕೋಟ್ಸ್‌ನಲ್ಲಿ ಹುಟ್ಟಿ, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, 1912ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದ ಡುಗಿಡ್, ಅಡಿಲೇಡ್ ನಗರದಲ್ಲಿ ಶಸ್ತ್ರಚಿಕಿತ್ಸಕರಾಗಿ ಹೆಸರು ಮಾಡಿದ್ದರು. ಐವತ್ತರ ವಯಸ್ಸಿನಲ್ಲಿ, 1934ರಲ್ಲಿ, ಅವರು ದೇಶದ ನಡುಭಾಗಕ್ಕೆ ಹೋಗಿ ಅಲ್ಲಿ ಮೂಲನಿವಾಸಿಗಳನ್ನು ಬಿಳಿಯರು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಕಣ್ಣಾರೆ ಕಂಡರು. ಆ ಜನಾಂಗ ಹೇಗೂ ಅಳಿದುಹೋಗಲಿದೆ, ಸಾಯುವ ತನಕ ಅವರಿಗೆ ಅನ್ನ ಬಟ್ಟೆ ಕೊಟ್ಟರೆ ಸಾಕು ಎಂಬ ನಂಬಿಕೆ ಆ ಕಾಲದ ವಿದ್ಯಾವಂತರಲ್ಲೂ ಬಲವಾಗಿತ್ತು. ಡುಗಿಡ್ ಅದನ್ನು ಒಪ್ಪಲಿಲ್ಲ. ಈ ಸಾವುಗಳಿಗೆ ಕಾರಣ ಹೊರಗಿನಿಂದ ಬಂದ ರೋಗ, ಹಸಿವು ಮತ್ತು ನೆಲದ ನಷ್ಟ. ಇವುಗಳನ್ನು ತಡೆಯಬಹುದು ಎಂದು ಅವರು ವಾದಿಸಿದರು.

ಆ ವಾದದ ಫಲವೇ ಎರ್ನಬೆಲ್ಲಾ ಮಿಷನ್. ಅಡಿಲೇಡ್‌ನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ವಾಯವ್ಯ ಭಾಗದ ಮಸ್‌ಗ್ರೇವ್ ಬೆಟ್ಟಸಾಲಿನಲ್ಲಿ ಪಿಟ್ಜಂಟ್ಜಾರ ಜನರ ನೆಲೆಯಿದೆ. ಡಿಂಗೊ ಎಂಬ ಕಾಡುನಾಯಿಯನ್ನು ಕೊಂದು ಅದರ ನೆತ್ತಿಯ ಚರ್ಮವನ್ನು ಒಪ್ಪಿಸಿದವರಿಗೆ ಸರ್ಕಾರ ಬಹುಮಾನ ಕೊಡುತ್ತಿದ್ದುದರಿಂದ, ಬಿಳಿಯ ಬೇಟೆಗಾರರು ಆ ಬೆಟ್ಟಗಳೊಳಗೆ ನುಗ್ಗಿ, ಚೂರು ಹಿಟ್ಟು, ಸಕ್ಕರೆ, ಚಹಾಪುಡಿ ಕೊಟ್ಟು ಅಲ್ಲಿನ ಜನರಿಂದ ಆ ಚರ್ಮವನ್ನು ಪಡೆಯುತ್ತಿದ್ದರು. ಹೆಂಗಸರ ಮೇಲೆ ದೌರ್ಜನ್ಯವೂ ನಡೆಯುತ್ತಿತ್ತು. ಇಂಥವರಿಗೂ ಬೆಟ್ಟದ ಜನರಿಗೂ ನಡುವೆ ಒಂದು ತಡೆಗೋಡೆ ಬೇಕೆಂದು ಡುಗಿಡ್ ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಗಡದ ಸಭೆಯನ್ನು ಒಪ್ಪಿಸಿದರು. 1937ರಲ್ಲಿ ಎರ್ನಬೆಲ್ಲಾದ ಕುರಿ ಸಾಕಣೆ ಕೇಂದ್ರ ಮಿಷನ್ ಆಯಿತು.

ಬಲವಂತ ಕೂಡದು, ಜನರ ಸಂಪ್ರದಾಯಗಳಲ್ಲಿ ಉದ್ದೇಶಪೂರ್ವಕವಾಗಿ ಕೈಹಾಕಕೂಡದು, ಒಂದಲ್ಲ ಒಂದು ಕೆಲಸದಲ್ಲಿ ತರಬೇತಿ ಪಡೆದವರು ಮಾತ್ರ ಅಲ್ಲಿಗೆ ಬರಬೇಕು, ಬಂದವರು ಸ್ಥಳೀಯ ಭಾಷೆಯನ್ನು ಕಲಿಯಲೇಬೇಕು ಎಂಬುವು ಡುಗಿಡ್ ಹಾಕಿದ ಷರತ್ತುಗಳು. 1940ರಲ್ಲಿ ಆರಂಭವಾದ ಶಾಲೆಯಲ್ಲಿ ಮಕ್ಕಳು ಮೊದಲು ಓದು ಬರಹ ಕಲಿತದ್ದು ಪಿಟ್ಜಂಟ್ಜಾರ ಭಾಷೆಯಲ್ಲೇ. ಮಕ್ಕಳಿಗೆ ಬಟ್ಟೆ ತೊಡಿಸಬೇಕೆಂಬ ಹಟವೂ ಅಲ್ಲಿರಲಿಲ್ಲ. ಮೊದಲ ವರ್ಷಗಳಲ್ಲಿ ಮಕ್ಕಳು ತಮ್ಮ ಶಿಬಿರದಲ್ಲಿ ಇರುತ್ತಿದ್ದಂತೆಯೇ ಬರಿಮೈಯಲ್ಲಿ ಪಾಠಕ್ಕೆ ಬಂದು ಕೂರುತ್ತಿದ್ದರು. ಓದುಗರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿಯೆಂದರೆ, ಎರ್ನಬೆಲ್ಲಾದಲ್ಲಿ ಮಕ್ಕಳ ವಸತಿಗೃಹವನ್ನು ಕಟ್ಟಲೇ ಇಲ್ಲ. ಬೇರೆಡೆ ಮಕ್ಕಳನ್ನು ಅವರ ಭಾಷೆಯಿಂದಲೂ ತಾಯಿಯ ಮಡಿಲಿನಿಂದಲೂ ದೂರಮಾಡಿದ ಸಾಧನ ಈ ವಸತಿಗೃಹವೇ. ಎರ್ನಬೆಲ್ಲಾದ ಮಕ್ಕಳಾದರೋ ಸಂಜೆ ತಮ್ಮವರ ಬಳಿಗೇ ಮರಳುತ್ತಿದ್ದರು.

ಮಿಷನ್‌ನ ಹೊರಗೆ ಅವರ ದನಿ ಇನ್ನೂ ಗಟ್ಟಿಯಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ ಮತ್ತು ಆಸ್ಟ್ರೇಲಿಯಾ ಸರ್ಕಾರಗಳು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ವೂಮೆರಾದಿಂದ ರಾಕೆಟ್ ಪರೀಕ್ಷೆ ನಡೆಸಲು ನಿರ್ಧರಿಸಿದಾಗ, ರಾಕೆಟ್‌ಗಳ ಹಾದಿ ಮೂಲನಿವಾಸಿಗಳಿಗೆಂದೇ ಮೀಸಲಿಟ್ಟಿದ್ದ ನೆಲದ ಮೇಲೆಯೇ ಹಾಯುತ್ತಿತ್ತು. ಆಕಾಶದಿಂದ ಬೀಳುವ ರಾಕೆಟ್ಟಿನಷ್ಟೇ, ಅದರ ಹಿಂದೆ ಬರುವ ರಸ್ತೆ, ವೀಕ್ಷಣಾ ಠಾಣೆ ಮತ್ತು ಹೊರಗಿನ ಸಿಬ್ಬಂದಿಯೂ ಆ ಜನರ ಬದುಕನ್ನು ಕೆಡಿಸುತ್ತವೆ ಎಂದು ಡುಗಿಡ್ ಎಚ್ಚರಿಸಿದರು. ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್, ಡುಗಿಡ್ ಜೊತೆ ನಿಂತರು. ಮತ್ತೊಬ್ಬ ಪ್ರಸಿದ್ಧ ಮಾನವಶಾಸ್ತ್ರಜ್ಞ ಎ. ಪಿ. ಎಲ್ಕಿನ್ ಸರ್ಕಾರದ ಪರ ವಹಿಸಿದರು. ಯೋಜನೆ ನಿಲ್ಲಲಿಲ್ಲ. 1940ರಿಂದ ತಾವು ಸದಸ್ಯರಾಗಿದ್ದ ರಾಜ್ಯದ ಮೂಲನಿವಾಸಿ ರಕ್ಷಣಾ ಮಂಡಳಿಗೆ ಡುಗಿಡ್ 1947ರಲ್ಲಿ ರಾಜೀನಾಮೆ ಕೊಟ್ಟು, ಕಿರುಹೊತ್ತಗೆಯೊಂದನ್ನು ಬರೆದು ವಿಷಯವನ್ನು ಜನರ ಮುಂದಿಟ್ಟರು. 1950ರ ದಶಕದಲ್ಲಿ ಅದೇ ರಾಜ್ಯದ ಎಮು ಫೀಲ್ಡ್ ಮತ್ತು ಮರಲಿಂಗಾದಲ್ಲಿ ಬ್ರಿಟನ್ ಅಣುಬಾಂಬುಗಳನ್ನೇ ಪರೀಕ್ಷಿಸಿತು. ಡುಗಿಡ್ ಅವರ ಭಯ ಅತಿಯಾಗಿರಲಿಲ್ಲ.

ನರ್ಸಿಂಗ್ ತರಬೇತಿಯ ಪ್ರಕರಣ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಅಲ್ಲಿ ಡುಗಿಡ್ ಪಕ್ಕಕ್ಕೆ ಸರಿದು ವೇದಿಕೆಯನ್ನು ಮೂಲನಿವಾಸಿಗಳಿಗೇ ಬಿಟ್ಟುಕೊಟ್ಟರು. ಮೂಲನಿವಾಸಿ ಯುವತಿಯರಿಗೆ ಅಡಿಲೇಡ್‌ನ ದೊಡ್ಡ ಆಸ್ಪತ್ರೆಯಲ್ಲಿ ತರಬೇತಿಗೆ ಅವಕಾಶ ಸಿಗುತ್ತಿರಲಿಲ್ಲ. 1953ರ ಆಗಸ್ಟ್‌ನಲ್ಲಿ, ಡುಗಿಡ್ ಅಧ್ಯಕ್ಷರಾಗಿದ್ದ ಮೂಲನಿವಾಸಿಗಳ ಏಳಿಗೆಯ ಸಂಘವು ಅಡಿಲೇಡ್ ಪುರಭವನದಲ್ಲಿ ಕರೆದ ಸಭೆಯಲ್ಲಿ ಐವರು ಮೂಲನಿವಾಸಿಗಳು ತಮ್ಮ ಅನುಭವವನ್ನು ತಾವೇ ಹೇಳಿದರು. ಮರುವರ್ಷ ಆ ಆಸ್ಪತ್ರೆ ಸೇರಿದವರಲ್ಲಿ ಲೋವಿಟ್ಜಾ ಓಡೊನಾಹ್ಯು ಒಬ್ಬರು. ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿಯಿಂದ ಬೇರ್ಪಟ್ಟು ಮಿಷನರಿಗಳು ನಡೆಸುತ್ತಿದ್ದ ಕೋಲ್‌ಬ್ರೂಕ್ ಮಕ್ಕಳ ನಿಲಯದಲ್ಲಿ ಬೆಳೆದ ಅವರು, ಆಸ್ಪತ್ರೆ ಮೊದಲು ಬಾಗಿಲು ಮುಚ್ಚಿದರೂ ಬಿಡದೆ ಹೋರಾಡಿ ಪ್ರವೇಶ ಪಡೆದರು. ಮುಂದೆ ಇಡೀ ದೇಶದ ಮೂಲನಿವಾಸಿಗಳ ನಾಯಕಿಯಾದರು.

ಮಿತಿಗಳನ್ನೂ ಹೇಳಲೇಬೇಕು. ಎರ್ನಬೆಲ್ಲಾದಲ್ಲಿ ಬಲವಂತ ಇರಲಿಲ್ಲವೆಂಬುದು ನಿಜ, ಆದರೆ ಆ ನಿಯಮಗಳನ್ನು ರೂಪಿಸಿದವರು ಹೊರಗಿನವರೇ. ಮತಪ್ರಚಾರದ ಉದ್ದೇಶವೂ ಅಲ್ಲಿತ್ತು. ನಗರದ ಸಮೀಪದ ಮೂಲನಿವಾಸಿಗಳ ವಿಷಯದಲ್ಲಿ ಡುಗಿಡ್, ಅವರು ಬಿಳಿಯರ ಸಮಾಜದಲ್ಲಿ ಬೆರೆಯುವುದೇ ದಾರಿ ಎಂದು ಬಹುಕಾಲ ನಂಬಿದ್ದರು. ತಮ್ಮ ಮನೆಯಲ್ಲೇ ಒಬ್ಬ ಮೂಲನಿವಾಸಿ ಬಾಲಕನನ್ನು ಕೆಲವು ವರ್ಷ ಸಾಕಿ, ನಂತರ ಅವನನ್ನು ದೂರದ ಉತ್ತರದ ಮಿಷನ್‌ಗೆ ಕಳುಹಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಂದು ಹೇಳಿದ ಮಾತ್ರಕ್ಕೆ ಆ ಮಗುವಿಗಾದ ನೋವು ಕಡಿಮೆಯಾಗದು. 1958ರಲ್ಲಿ ಅಡಿಲೇಡ್‌ನಲ್ಲಿ ಮೂಲನಿವಾಸಿಗಳ ಏಳಿಗೆಗಾಗಿ ರಾಷ್ಟ್ರಮಟ್ಟದ ಒಕ್ಕೂಟ ಸ್ಥಾಪನೆಯಾಗಿ ಡುಗಿಡ್ ಅದರ ಮೊದಲ ಅಧ್ಯಕ್ಷರಾದಾಗಲೂ, ಸಭೆಯಲ್ಲಿದ್ದ ಮೂಲನಿವಾಸಿಗಳು ಬೆರಳೆಣಿಕೆಯಷ್ಟು ಮಾತ್ರ.

ಅವರ ಬರಹದ ಬಗೆಗೆ ಎರಡು ಮಾತು. 1963ರಲ್ಲಿ ಬಂದ ‘ನೋ ಡೈಯಿಂಗ್ ರೇಸ್’ ಪುಸ್ತಕದ ಹೆಸರೇ, ಇದು ಅಳಿಯುವ ಜನಾಂಗವಲ್ಲ ಎಂದು ಸಾರುತ್ತದೆ. 1972ರಲ್ಲಿ, ಎಂಬತ್ತೆಂಟರ ಹರೆಯದಲ್ಲಿ, ‘ಡಾಕ್ಟರ್ ಅಂಡ್ ದಿ ಅಬೊರಿಜಿನೀಸ್’ ಎಂಬ ಆತ್ಮಕಥನ ಪ್ರಕಟಿಸಿದರು. ಇವೆರಡರ ನಡುವೆ, 1967ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಮೂಲನಿವಾಸಿಗಳನ್ನು ಜನಗಣತಿಯಿಂದ ಹೊರಗಿಟ್ಟಿದ್ದ ಸಂವಿಧಾನದ ವಿಧಿಯನ್ನು ತೆಗೆದುಹಾಕಲು ಒಪ್ಪಿದ್ದರು.

1981ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಶಾಸನಸಭೆ ಎರ್ನಬೆಲ್ಲಾವೂ ಸೇರಿದಂತೆ ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಒಡೆತನವನ್ನು ಅಲ್ಲಿನ ಜನರಿಗೇ ಮರಳಿಸುವ ಕಾನೂನು ಮಾಡಿತು. ಅದನ್ನು ಗೆದ್ದವರು ತಮ್ಮದೇ ಪರಿಷತ್ತು ಕಟ್ಟಿಕೊಂಡು ಸರ್ಕಾರದೊಂದಿಗೆ ಮಾತುಕತೆ ನಡೆಸಿದ ಪಿಟ್ಜಂಟ್ಜಾರ ಜನರೇ. ಆ ಶ್ರೇಯಸ್ಸು ಅವರದು. ಆ ಹೊತ್ತಿಗೆ ಅವರು ಚದುರಿಹೋಗದೆ ತಮ್ಮ ನೆಲದಲ್ಲೇ ಇದ್ದು, ಮಕ್ಕಳೊಂದಿಗೆ ತಮ್ಮ ಭಾಷೆಯನ್ನೇ ಆಡುತ್ತಿದ್ದರು ಎಂಬುದರಲ್ಲಿ, 1937ರಲ್ಲಿ ಒಬ್ಬ ವೈದ್ಯರು ಹಾಕಿದ ಷರತ್ತುಗಳ ಪಾಲೂ ಇದೆ.